ಕೂಸಿನ ಹೊಟ್ಟೆಗೆ ಬಿಸ್ಕತ್ತಿನ ಲೆಕ್ಕ!

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ ಯಾವ ಬಸ್ ಸ್ಟಾಂಡೇ ಆಗಲಿ, ಬೆಳಿಗ್ಗೆ ಏಳೂವರೆಗೆ ನಿಂತವರಿಗೆ ಕಾಣುವ ನೋಟ ಒಂದೇ. ಕಂಕುಳಲ್ಲಿ ಕೂಸು, ಹೆಗಲಲ್ಲಿ ಬ್ಯಾಗು. ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟ ತಾಯಿ ಅಂಗಡಿ ಮುಂದೆ ಅರ್ಧ ನಿಮಿಷ ನಿಲ್ಲುತ್ತಾಳೆ. ಐದು ರೂಪಾಯಿ ಬಿಸ್ಕತ್ತು ಒಂದು, ಐದು ರೂಪಾಯಿ ಖಾರದ ಕುರುಕಲು ಒಂದು. ಎರಡೂ ಪೊಟ್ಟಣ ಕೂಸಿನ ಚೀಲಕ್ಕೆ, ಕೂಸು ಶಿಶುವಿಹಾರಕ್ಕೆ, ತಾಯಿ ಬಸ್ಸಿಗೆ.

ಆ ಎರಡು ಪೊಟ್ಟಣವೇ ಮಗುವಿನ ಹತ್ತು ಗಂಟೆಯ ತಿಂಡಿ, ನಾಲ್ಕು ಗಂಟೆಯ ತಿಂಡಿ. ಮಧ್ಯದಲ್ಲಿ ಡಬ್ಬಿಯಲ್ಲಿ ಆರಿ ಕಲ್ಲಾದ ಚಿತ್ರಾನ್ನ. ಸಂಜೆ ಆರೂವರೆಗೆ ತಾಯಿ ವಾಪಸು ಬರುವ ತನಕ ಕೂಸಿನ ಹೊಟ್ಟೆಗೆ ಬಿದ್ದದ್ದು ಇಷ್ಟೇ.

ಇದರಲ್ಲಿ ತಾಯಿಯ ತಪ್ಪು ಹುಡುಕುವವರು ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಒಲೆ ಹಚ್ಚಿ ನೋಡಲಿ. ಅಂಗಡಿಯವನದ್ದೂ ತಪ್ಪಲ್ಲ, ಕೇಳಿದ್ದನ್ನು ಕೊಡುತ್ತಾನೆ. ತಪ್ಪು ಇರುವುದು ಕೂಸನ್ನು ದಿನಕ್ಕೆ ಹತ್ತು ಗಂಟೆ ಇಟ್ಟುಕೊಳ್ಳುತ್ತೇವೆ ಅಂತ ಬೋರ್ಡು ಹಾಕಿ, ತಿಂಗಳ ಫೀಜು ಎಣಿಸಿಕೊಂಡು, ಸೋಮವಾರ ಏನು ಉಣ್ಣಿಸಬೇಕು, ಮಂಗಳವಾರ ಏನು ಎಂದು ಒಂದು ಚೀಟಿಯಲ್ಲೂ ಬರೆದಿಡದ ಕಡೆ. "ಊಟ ತಿಂಡಿ ಮನೆಯಿಂದಲೇ ತರಬೇಕು ಕಣಮ್ಮ, ನಮ್ಮದು ಬರೀ ನೋಡ್ಕೊಳ್ಳೋದು" ಎಂದು ಹೇಳಿ ಕೈ ತೊಳೆದುಕೊಳ್ಳುವ ಕೇಂದ್ರಗಳಿಗೆ ಈ ರಾಜ್ಯದಲ್ಲಿ ಬರವಿಲ್ಲ. ಮಗುವನ್ನು ನೋಡಿಕೊಳ್ಳುವುದರಲ್ಲಿ ಉಣ್ಣಿಸುವುದು ಸೇರಿಲ್ಲ ಅಂದರೆ ಇನ್ನೇನು ಸೇರಿದೆ? ಬೀಗ ಹಾಕುವುದೇ?

ಕಾನೂನು ಕಣ್ಣು ಮುಚ್ಚಿ ಕೂತಿರಲಿಲ್ಲ. 30ಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೋಣೆ ಇರಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ಹೇಳಿತ್ತು. ಮಕ್ಕಳಿಗೆ ಪುಕ್ಕಟೆ ಹಾಲು ತಿಂಡಿ ಕೊಡಿಸಲು, ತಾಯಿ ನಡುವೆ ಬಂದು ಮೊಲೆಯೂಡಿಸಿ ಹೋಗಲು ನಿಯಮ ಮಾಡಬಹುದೆಂದೂ ಅದರಲ್ಲಿ ಬರೆದಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ಮತ್ತು ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆಗೆಲ್ಲ ಪಾಲನಾ ಕೇಂದ್ರ ಬೇಕೆಂದಿತು. ಪಕ್ಕದ ಟಿ. ನರಸೀಪುರದಲ್ಲಿ 1975ರಲ್ಲೇ ಅಂಗನವಾಡಿ ಶುರುವಾಯಿತು. 2013ರ ಆಹಾರ ಭದ್ರತಾ ಕಾಯಿದೆ ಮೂರರಿಂದ ಆರು ವರ್ಷದ ಮಗುವಿಗೆ ಅಂಗನವಾಡಿಯಲ್ಲಿ ಬೆಳಗಿನ ತಿಂಡಿ ಮತ್ತು ಬಿಸಿಯೂಟ ಸೇರಿ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು ಎಂದು ಅಳತೆಯನ್ನೇ ಕೊಟ್ಟಿತು. ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು 2023ರಲ್ಲಿ ಕೂಸಿನ ಮನೆ ಯೋಜನೆಯೂ ಬಂತು.

ಬಂದದ್ದೆಲ್ಲ ಸರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿದರೆ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳು ದಾಟಿದ ಮಕ್ಕಳಲ್ಲಿ ರಕ್ತಹೀನತೆ ಇದ್ದದ್ದು ನೂರಕ್ಕೆ 65.5 ಮಂದಿಗೆ. ಮೂರು ಮಕ್ಕಳು ಸಾಲಾಗಿ ಕೂತರೆ ಅದರಲ್ಲಿ ಇಬ್ಬರಿಗೆ ರಕ್ತ ಕಮ್ಮಿ ಎಂದಾಯಿತು.

ಹೊಟ್ಟೆ ಸಣ್ಣದು, ಹಸಿವು ದೊಡ್ಡದು

ಮಕ್ಕಳ ಊಟದ ಪಟ್ಟಿ ಮಾಡುವವರು ಮೊದಲು ತಿಳಿಯಬೇಕಾದ್ದು ಕೂಸಿನ ಹೊಟ್ಟೆಯ ಗಾತ್ರ. ದೊಡ್ಡವರು ಎರಡು ಮುದ್ದೆ ನುಂಗಿ ಸಂಜೆ ತನಕ ಗೇಯಬಹುದು. ಎರಡು ವರ್ಷದ ಮಗುವಿಗೆ ಹಾಗಾಗುವುದಿಲ್ಲ. ಒಂದು ಸಣ್ಣ ಬಟ್ಟಲು ತಿಂದರೆ ಹೊಟ್ಟೆ ತುಂಬಿತು, ಎರಡೂವರೆ ಮೂರು ಗಂಟೆಗೆ ಮತ್ತೆ ಹಸಿವು. ಆದರೆ ಆ ಮಗುವಿಗೆ ದಿನಕ್ಕೆ ಸುಮಾರು 1,000 ಕ್ಯಾಲೊರಿ ಬೇಕು, ನಾಲ್ಕು ದಾಟಿದರೆ 1,300ರ ಮೇಲೆ ಎನ್ನುತ್ತದೆ ಐಸಿಎಂಆರ್ 2020ರಲ್ಲಿ ಕೊಟ್ಟ ಲೆಕ್ಕ. ಹತ್ತು ಗಂಟೆ ಕೇಂದ್ರದಲ್ಲೇ ಇರುವ ಕೂಸಿಗೆ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಸಿಗಬೇಕು. ರಾತ್ರಿ ಮನೆಗೆ ಹೋಗಿ ಎಂಟಕ್ಕೆ ತೂಕಡಿಸುವ ಮಗು ಎಲ್ಲಿ ಬಾಕಿ ತೀರಿಸೀತು?

ಹಾಗಾಗಿ ಕೊಡುವುದು ಸ್ವಲ್ಪ ಸ್ವಲ್ಪ, ಆದರೆ ಗಟ್ಟಿಯಾದದ್ದು, ಹೊತ್ತು ಹೊತ್ತಿಗೆ. ಬೆಳಿಗ್ಗೆ ಒಂಬತ್ತೂವರೆಗೆ ಒಂದು, ಹನ್ನೆರಡೂವರೆಗೆ ಊಟ, ನಿದ್ದೆ ಮಾಡಿ ಎದ್ದ ಮೇಲೆ ಮೂರೂವರೆಗೆ ಒಂದು, ತಾಯಿ ತಡವಾದರೆ ಐದೂವರೆಗೆ ಒಂದು ಬಾಳೆಹಣ್ಣು. ಅನ್ನದ ಮೇಲೆ ಒಂದು ಚಮಚ ತುಪ್ಪವೋ ಕಡಲೆಕಾಯಿ ಎಣ್ಣೆಯೋ ಬಿದ್ದರೆ ಬಟ್ಟಲು ದೊಡ್ಡದಾಗದೆ ಶಕ್ತಿ ಹೆಚ್ಚುತ್ತದೆ. ತಿಳಿಸಾರು ಅನ್ನ ಕಲಸಿ ಕೊಟ್ಟರೆ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ.

ಬಿಸ್ಕತ್ತಿನ ಕತೆ ಇಲ್ಲೇ ಬರುತ್ತದೆ. ಮೈದಾ, ಸಕ್ಕರೆ, ತಾಳೆ ಎಣ್ಣೆ. ಸಾಮಾನ್ಯ ಗ್ಲುಕೋಸ್ ಬಿಸ್ಕತ್ತಿನಲ್ಲಿ ಸುಮಾರು ಕಾಲು ಭಾಗ ಸಕ್ಕರೆಯೇ. ಹತ್ತು ಗಂಟೆಗೆ ನಾಲ್ಕು ಬಿಸ್ಕತ್ತು ತಿಂದ ಮಗು ಹನ್ನೆರಡೂವರೆಗೆ ತಟ್ಟೆ ತಳ್ಳುತ್ತದೆ. "ಇವನು ಊಟಾನೇ ಮಾಡಲ್ಲ" ಎಂದು ತಾಯಿಗೆ ದೂರು ಬೇರೆ! ಅದನ್ನು ಟೀಯಲ್ಲಿ ಅದ್ದಿ ಕೊಡುವ ಪುಣ್ಯಾತ್ಮರೂ ಇದ್ದಾರೆ. ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಸೇರದಂತೆ ಟೀ ಅಡ್ಡ ಹಾಕುತ್ತದೆ. ರಕ್ತ ಕಮ್ಮಿ ಇರುವ ಮಕ್ಕಳಿಗೆ ಟೀ ಕುಡಿಸುವುದು ಅಂದರೆ ತೂತು ಬಿಂದಿಗೆಗೆ ಇನ್ನೊಂದು ತೂತು ಕೊರೆದ ಹಾಗೆ.

ರಾಗಿ ಇದ್ದೂ ಬನ್ನು

ಇದು ರಾಗಿ ಸೀಮೆ. ಇಲ್ಲೇ ವಿ.ಸಿ. ಫಾರಂನಲ್ಲಿ ಕೂತು ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಗೂ ಈ ದೇಶದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ರಾಜ್ಯದ ಎಷ್ಟೋ ಮನೆಗಳ ಮಡಕೆ ತುಂಬಿತು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂ ಮೀರಿ ಸುಣ್ಣದ ಅಂಶವಿದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ಎಲುಬು, ಹಲ್ಲು ಬಲಿಯುವ ವಯಸ್ಸಿನ ಕೂಸಿಗೆ ಇದನ್ನು ಬಿಟ್ಟು ಬೇಕರಿ ಬನ್ನು ಕೊಡುವುದು ಯಾವ ನ್ಯಾಯ?

ಆದರೆ ರಾಗಿ ಗಂಜಿಯಲ್ಲೂ ಒಂದು ಮೋಸ ನಡೆಯುತ್ತದೆ, ಬೇಕೆಂದು ಯಾರೂ ಮಾಡುವುದಲ್ಲ. ಹಿಟ್ಟು ಹಾಕಿ ಕುದಿಸಿದರೆ ಗಂಜಿ ಅಂಟಂಟಾಗಿ ಗಟ್ಟಿಯಾಗುತ್ತದೆ, ಕೂಸು ನುಂಗುವುದಿಲ್ಲ. ಆಯಾ ನೀರು ಸುರಿಯುತ್ತಾಳೆ. ಗಂಜಿ ತೆಳ್ಳಗಾಗುತ್ತದೆ, ಲೋಟ ತುಂಬುತ್ತದೆ, ಕೂಸಿನ ಹೊಟ್ಟೆಗೆ ಹೋದದ್ದು ಮುಕ್ಕಾಲು ನೀರು. ಇದಕ್ಕೆ ಮದ್ದು ಅಜ್ಜಿಯರ ಕೈಯಲ್ಲೇ ಇತ್ತು: ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಚೆನ್ನಾಗಿ ಒಣಗಿಸಿ, ಹದವಾಗಿ ಹುರಿದು ಬೀಸುವುದು. ಮೊಳಕೆ ಬಂದಾಗ ಪಿಷ್ಟ ಒಡೆಯುವ ಗುಣ ಕಾಳಿನೊಳಗೇ ಹುಟ್ಟುತ್ತದೆ. ಆ ಹಿಟ್ಟಿನ ಗಂಜಿ ಅಷ್ಟೊಂದು ಬಿಗಿಯುವುದಿಲ್ಲ. ಅದೇ ಲೋಟಕ್ಕೆ ಹೆಚ್ಚು ಹಿಟ್ಟು ಹಾಕಿದರೂ ಕುಡಿಯುವ ಹದದಲ್ಲೇ ಇರುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1980ರ ದಶಕದಲ್ಲೇ ಮೊಳಕೆ ರಾಗಿ, ಹೆಸರುಕಾಳಿನಿಂದ ಎಳೆ ಮಕ್ಕಳ ಆಹಾರ ಮಾಡುವ ಬಗೆಯನ್ನು ಪರೀಕ್ಷಿಸಿ ತೋರಿಸಿದರು. ಮಂಡ್ಯದಿಂದ ಮೈಸೂರಿಗೆ ಒಂದು ಗಂಟೆ ಬಸ್ಸು. ಆ ವಿದ್ಯೆ ಶಿಶುವಿಹಾರದ ಒಲೆ ತನಕ ಬರಲು ಇನ್ನೆಷ್ಟು ವರ್ಷ ಬೇಕೋ!

ಇನ್ನು ಹುರಿಹಿಟ್ಟು. ಅರಳಿದ ರಾಗಿ ಬೀಸಿದ ಹಿಟ್ಟು, ಬೆಲ್ಲ, ಬಿಸಿ ಹಾಲು, ಬೆರಳ ತುದಿಯಷ್ಟು ತುಪ್ಪ. ಒಲೆ ಹಚ್ಚುವ ಕೆಲಸವೂ ಇಲ್ಲ, ಎರಡು ನಿಮಿಷದಲ್ಲಿ ಮೂರೂವರೆ ಗಂಟೆಯ ತಿಂಡಿ ಮುಗಿಯಿತು. ಬೆಲ್ಲ ಎರಡು ವರ್ಷ ದಾಟಿದವರಿಗೆ ಸಾಕು, ಚಿಕ್ಕವರಿಗೆ ಬಾಳೆಹಣ್ಣು ಕಿವುಚಿದರೆ ಅದೇ ಸಿಹಿ.

ಮೊಟ್ಟೆ ವಿಷಯ ಬಂದರೆ ಗಲಾಟೆ ಬರುತ್ತದೆ. ತಿನ್ನುವ ಮನೆಯ ಮಕ್ಕಳಿಗೆ ಕೊಡುವುದಕ್ಕೆ ಅಡ್ಡಿ ಬೇಡ; ಬೇಡವೆನ್ನುವ ಮನೆಯವರ ಮಾತಿಗೂ ಬೆಲೆ ಇರಲಿ. ಆದರೆ ಮೊಟ್ಟೆ ಬದಲು ಬಾಳೆಹಣ್ಣು ಕೊಟ್ಟು ಲೆಕ್ಕ ಚುಕ್ತಾ ಮಾಡುವುದು ಸರಿಯಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು, ಒಂದು ಬಾಳೆಹಣ್ಣಿನಲ್ಲಿ ಒಂದು ಗ್ರಾಂ. ಬೇಯಿಸಿದ ಹೆಸರುಕಾಳು, ಗಟ್ಟಿ ಮೊಸರು, ಹುರಿಗಡಲೆ ಪುಡಿ, ಕಡಲೆಬೀಜದ ಪುಡಿ, ಇವು ಬದಲಿಗೆ ಬರಬೇಕಾದ ಪದಾರ್ಥ.

ಪುಡಿ ಎಂದದ್ದಕ್ಕೆ ಕಾರಣವಿದೆ. ಇಡೀ ಕಡಲೆಬೀಜ, ಹುರಿಗಡಲೆ, ಇಡೀ ದ್ರಾಕ್ಷಿ, ಚಕ್ಕುಲಿ ಚೂರು ನಾಲ್ಕು ವರ್ಷದೊಳಗಿನ ಮಕ್ಕಳ ಗಂಟಲಿಗೆ ಸಿಕ್ಕಿಕೊಂಡರೆ ಉಸಿರೇ ಕಟ್ಟಬಹುದು. ಓಡಾಡುತ್ತಾ, ನಗುತ್ತಾ ತಿನ್ನುವಾಗಲಂತೂ ಅಪಾಯ ಹೆಚ್ಚು. ದ್ರಾಕ್ಷಿಯನ್ನು ಉದ್ದುದ್ದ ಸೀಳಿ ಕೊಡಬೇಕು, ಮಕ್ಕಳನ್ನು ಕೂರಿಸಿ ತಿನ್ನಿಸಬೇಕು. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸುವುದೂ ಬೇಡ.

ಖಾರದ ಮಾತು. ಬಸ್ಸಾರು, ಉಪ್ಪುಸಾರಿನ ಖಾರ ದೊಡ್ಡವರ ನಾಲಿಗೆಗೆ ಸರಿ. ಮಕ್ಕಳಿಗೆಂದು ಬೇರೆ ಅಡಿಗೆಯೇ ಆಗಬೇಕಿಲ್ಲ. ಬೇಳೆ, ಸೊಪ್ಪು ಬೆಂದ ಮೇಲೆ ಖಾರದಪುಡಿ, ಹುಣಿಸೆಹಣ್ಣು ಬೀಳುವ ಮುಂಚೆ ಮಕ್ಕಳ ಪಾಲನ್ನು ಎತ್ತಿಟ್ಟು ಮಸೆದರೆ ಮಸ್ಸೊಪ್ಪು ಆಯಿತು. ನುಗ್ಗೆಸೊಪ್ಪು, ಕಿರಕಸಾಲೆ, ದಂಟು ಯಾವುದಾದರೂ ಸರಿ, ಮೇಲೆ ಎರಡು ಹನಿ ನಿಂಬೆರಸ. ಸೊಪ್ಪಿನ ಕಬ್ಬಿಣ ಮೈಗೆ ಹಿಡಿಯಲು ಹುಳಿ ನೆರವಾಗುತ್ತದೆ. ಸೀಬೆಹಣ್ಣಿನ ಕಾಲದಲ್ಲಿ ಬೀಜ ತೆಗೆದು ತೆಳ್ಳಗೆ ಹೆಚ್ಚಿದ ಸೀಬೆ ಅದೇ ಕೆಲಸ ಮಾಡುತ್ತದೆ. ಅವರೆಕಾಯಿ ಸುಗ್ಗಿಯಲ್ಲಿ ಹಿತಕಿದ ಬೇಳೆಯನ್ನು ಮೆತ್ತಗೆ ಬೇಯಿಸಿ ಅನ್ನಕ್ಕೆ ಕಲಸಿದರೆ ಯಾವ ಕೂಸು ಬೇಡವೆಂದೀತು?

ಬೇಡವೆನ್ನುವ ಕೂಸೂ ಇರುತ್ತದೆ. ಹೊಸ ರುಚಿ ಒಂದೇ ಸಲಕ್ಕೆ ಹಿಡಿಯುವುದಿಲ್ಲ, ಹತ್ತು ಸಲ ತಟ್ಟೆಗೆ ಬಂದ ಮೇಲೆ ಹನ್ನೊಂದನೇ ಸಲ ಬಾಯಿಗೆ ಹೋಗುತ್ತದೆ. ಮೂಗು ಹಿಡಿದು ತುರುಕುವುದು, ಗುಮ್ಮನನ್ನು ಕರೆಯುವುದು, ಚಾಕಲೇಟಿನ ಲಂಚ ತೋರಿಸುವುದು ಮೂರೂ ದಂಡ. ಪಕ್ಕದ ಮಗು ತಿನ್ನುವುದನ್ನು ನೋಡಿ ತಿನ್ನುವ ಮಗು ಎಷ್ಟೋ! ಮನೆಯಲ್ಲಿ ಒಂಟಿಯಾಗಿ ಉಣ್ಣುವ ಕೂಸಿಗಿಲ್ಲದ ಈ ಅನುಕೂಲ ಶಿಶುವಿಹಾರಕ್ಕೆ ಇದೆ.

ದುಡ್ಡೆಲ್ಲಿ ಎಂದು ಕೇಂದ್ರದವರು ಕೇಳುತ್ತಾರೆ. ತಾಯಿ ದಿನವೂ ಹತ್ತು ರೂಪಾಯಿ ಪೊಟ್ಟಣಕ್ಕೆ ಸುರಿಯುತ್ತಿದ್ದಾಳೆ. ತಿಂಗಳಿಗೆ 25 ದಿನ ಎಂದರೆ 250 ರೂಪಾಯಿ. ಹದಿನೈದು ಮಕ್ಕಳಿದ್ದರೆ 3,750. ಅದನ್ನೇ ಒಟ್ಟು ಮಾಡಿ ರಾಗಿ, ಹೆಸರುಕಾಳು, ಬೆಲ್ಲ, ಕಡಲೆಬೀಜ ತಿಂಗಳಿಗೊಂದು ಸಲ ಸಗಟಿನಲ್ಲಿ ತರಬಹುದು. ಅಂಗಡಿಯವರಿಗೂ ನಷ್ಟವಿಲ್ಲ: ಪೊಟ್ಟಣ ಹೋದರೆ ರಾಗಿ ಮೂಟೆ ಬಂತು, ಅದೂ ತಪ್ಪದ ಗಿರಾಕಿ. ಬಸ್ ಸ್ಟಾಂಡಿನ ಅಂಗಡಿಯಲ್ಲಿ ಬಣ್ಣದ ಕುರುಕಲು ನೇತಾಡುವ ಜಾಗದಲ್ಲಿ ಒಂದು ಸಾಲು ಹುರಿಹಿಟ್ಟಿನ ಪೊಟ್ಟಣವನ್ನೂ ನೇತು ಹಾಕಿ ನೋಡಬಹುದಲ್ಲ.

ಅಂಗನವಾಡಿಗಳಿಗೆ ಬಾಲವಿಕಾಸ ಸಮಿತಿ ಎಂದೊಂದಿದೆ, ತಾಯಂದಿರೂ ಅದರಲ್ಲಿದ್ದಾರೆ. ಖಾಸಗಿ ಶಿಶುವಿಹಾರಗಳಲ್ಲಿ ಅಂಥ ಸಮಿತಿ ಇಲ್ಲದಿದ್ದರೆ ಫೀಜು ಕಟ್ಟುವ ದಿನ ಬಾಗಿಲಲ್ಲಿ ನಿಂತ ತಾಯಂದಿರೇ ಸಮಿತಿ. ಕೇಳಬೇಕಾದ್ದು ಎರಡೇ. ವಾರದ ಊಟದ ಪಟ್ಟಿಯನ್ನು ದಪ್ಪ ಅಕ್ಷರದಲ್ಲಿ ಬರೆದು, ಕೂಸನ್ನು ಬಿಡಲು ಬಂದವರಿಗೆಲ್ಲ ಕಾಣುವಂತೆ ಗೋಡೆಗೆ ಅಂಟಿಸಬೇಕು. ಸಂಜೆ ಕರೆದುಕೊಂಡು ಹೋಗುವಾಗ ಇವತ್ತು ಎಷ್ಟು ತಿಂದ, ಏನು ಬಿಟ್ಟ ಎಂದು ಆಯಾ ಬಾಯಿಬಿಟ್ಟು ಹೇಳಬೇಕು. ಪಟ್ಟಿ ಇಲ್ಲದ ಕೇಂದ್ರಕ್ಕೆ ಮುಂದಿನ ತಿಂಗಳ ಫೀಜನ್ನು ಪಟ್ಟಿ ಅಂಟಿದ ಮೇಲೆ ಕಟ್ಟಿದರೆ ಸಾಕು.