ತಂಪಿನ ಯಂತ್ರವೂ ನಮ್ಮ ಆಲಸ್ಯವೂ

ಈ ಸಲದ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ನಮ್ಮ ಕನ್ನಡದ ಅಧ್ಯಾಪಕರು ಅಪ್ಪಣೆ ಮಾಡಿದಾಗ, ನಾನು ಮೊದಲು ಯೋಚಿಸಿದ್ದು ಕಾಯಕತತ್ತ್ವದ ಮೇಲೆ ಒಂದು ಪ್ರಬಂಧವನ್ನು. ಆದರೆ ಹಿಂದಿನ ಸಂಚಿಕೆಗಳನ್ನು ತಿರುವಿಹಾಕಿ ನೋಡಲಾಗಿ, ಆ ವಿಷಯದ ಮೇಲೆ ಹೆಚ್ಚುಕಡಿಮೆ ವರ್ಷಕ್ಕೊಂದರಂತೆ ಲೇಖನ ಬಂದಿರುವುದು ಕಂಡಿತು. ಕಾಯಕದ ಮೇಲೆ ಇಷ್ಟೆಲ್ಲ ಬರೆಯುವ ನಾವು ನಮ್ಮ ಕಂಪ್ಯೂಟರ್ ಕೋಣೆಯ ಗೋಡೆಯ ಮೇಲಿರುವ ಎಸಿಯ ಜಾಳಿಗೆಯನ್ನು ಒಮ್ಮೆಯಾದರೂ ತೆಗೆದು ತೊಳೆದಿಲ್ಲವಲ್ಲ ಎಂಬ ವಿಚಾರ ಆಗಲೇ ಹೊಳೆಯಿತು. ಆದುದರಿಂದ ಈ ಲೇಖನ ಆ ಜಾಳಿಗೆಯನ್ನು ಕುರಿತದ್ದು.

ವಾಚಕರು ನಗಬಹುದು. "ಅನಗವಾಡಿಯವಗ ಎಸೀದೇನು ಗೊತ್ತೋ?" ಎಂದು ನನ್ನ ಸಹಪಾಠಿಯೊಬ್ಬ ಕೇಳಿಯೂ ಬಿಟ್ಟ. ಅವನ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಘಟಪ್ರಭೆಯ ದಂಡೆಯ ನಮ್ಮೂರಿನಲ್ಲಿ ತಂಪೆಂದರೆ ಹರವಿಯ ನೀರು, ಬೇವಿನ ನೆರಳು, ರಾತ್ರಿ ಮಾಳಿಗೆಯ ಮೇಲೆ ಹಾಸಿಕೊಂಡ ಕೌದಿ. ನಮ್ಮ ಮನೆಯಲ್ಲಿ ಎಸಿ ಇಲ್ಲ. ಆದರೆ ಎಸಿಯ ಅನ್ನವನ್ನು ಉಂಡೇ ನಾನು ಬಿ.ಎ. ಕೊನೆಯ ವರ್ಷದವರೆಗೆ ಬಂದಿದ್ದೇನೆ. ನನ್ನ ಅಣ್ಣ ಹತ್ತನೆಯ ಇಯತ್ತೆಗೆ ಶಾಲೆ ಬಿಟ್ಟು ಮಂಗಳೂರಿಗೆ ಹೋದವನು. ಮೊದಲು ಗಾರೆಕೆಲಸದವರ ಜೊತೆಗಿದ್ದು, ಆಮೇಲೆ ಎಸಿ ರಿಪೇರಿಯ ಕೈಕೆಲಸ ಕಲಿತ. ಅವನು ಬಿಟ್ಟ ಓದನ್ನು ನಾನು ಮುಂದುವರಿಸಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಣ್ಣ ಏನು ಮಾಡುತ್ತಾನೆಂದು ಇಲ್ಲಿ ಯಾರಾದರೂ ಕೇಳಿದರೆ "ಮಂಗಳೂರಾಗ ಇಂಜಿನಿಯರಿಂಗ್ ಲೈನಿನ್ಯಾಗ ಅದಾನ" ಎಂದು ಹೇಳುತ್ತಿದ್ದೆ. ಪೂರ್ತಿ ಸುಳ್ಳಲ್ಲವೆಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಕಳೆದ ಬೇಸಿಗೆಯ ರಜೆಯಲ್ಲಿ ಅವನ ಕೈಕೆಳಗೆ ಒಂದು ತಿಂಗಳು ದುಡಿದೆ. ಮೊದಲನೆಯ ದಿನ ಹೋದ ಮನೆಯ ಅಮ್ಮ ಬಾಗಿಲಲ್ಲೇ ರೋಗದ ನಿರ್ಣಯ ಮಾಡಿ ಇಟ್ಟಿದ್ದರು: "ತಂಪೇ ಆಗುವುದಿಲ್ಲ, ಗ್ಯಾಸ್ ಮುಗಿದಿರಬೇಕು. ತುಂಬಿಸಿಬಿಡಿ." ಅಣ್ಣ ಸ್ವಿಚ್ಚು ಆರಿಸಿ, ಮುಂದಿನ ಮುಚ್ಚಳ ಎತ್ತಿ, ಎರಡು ಜಾಳಿಗೆಗಳನ್ನು ಹೊರಗೆಳೆದ. ಅವು ಜಾಳಿಗೆಯಂತಿರದೆ ಬೂದು ಬಣ್ಣದ ಬಟ್ಟೆಯಂತಿದ್ದವು. "ಗ್ಯಾಸು ಅಡಿಗಿ ಸಿಲಿಂಡರಿನಂಗ ಉರದು ಮುಗಿಯೂದಲ್ರಿ ಅಮ್ಮಾರ. ಸೋರಿದ್ರಷ್ಟ ಕಡಿಮಿ ಆಗೂದು. ಮೊದ್ಲ ಇದನ್ನ ತೊಳಿಯೂಣು" ಎಂದ. ತೊಳೆದು, ನೆರಳಿನಲ್ಲಿ ಒಣಗಿಸಿ ಹಾಕಿದ ಮೇಲೆ ಯಂತ್ರ ಮೊದಲಿನಂತೆ ತಂಪು ಬೀರಿತು. ಆ ಅಮ್ಮನಿಗೆ ಸಂತೋಷವಾದಂತೆ ಕಾಣಲಿಲ್ಲ. ಇಷ್ಟಕ್ಕೇ ಹಣ ಕೊಡಬೇಕೆ ಎಂಬ ಭಾವ ಮುಖದಲ್ಲಿತ್ತು. ಗ್ಯಾಸು ತುಂಬಿದ ನಾಟಕವಾಡಿ ಮೂರುಪಟ್ಟು ಕೇಳಿದ್ದರೆ ಬಹುಶಃ ಕೊಡುತ್ತಿದ್ದರು. ವರ್ಷ ವರ್ಷವೂ ಗ್ಯಾಸು ತುಂಬಿಸುವ ಮನೆಗಳು ಉಂಟು. ಸೋರುವ ತೂತನ್ನು ಹುಡುಕಿ ಬೆಸುಗೆ ಹಾಕದೆ ತುಂಬಿಸುವುದು ಒಡೆದ ಗಡಿಗೆಗೆ ನೀರು ಹೊತ್ತಂತೆ.

ಈ ಯಂತ್ರದ ಕತೆ ನಾವೆಣಿಸಿದಂತೆ ಮನುಷ್ಯನ ಸುಖದಿಂದ ಆರಂಭವಾಗಲಿಲ್ಲ. 1902ರಲ್ಲಿ ಅಮೆರಿಕದ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ಹವೆಯ ತೇವದಿಂದ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಜರುಗುತ್ತಿದ್ದವು. ಆ ತೊಂದರೆಯ ನಿವಾರಣೆಗೆಂದು ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಇಂಜಿನಿಯರು ಹವೆಯ ತೇವವನ್ನು ಹಿಡಿತದಲ್ಲಿಡುವ ಏರ್ಪಾಡನ್ನು ರೂಪಿಸಿದ. ಕಾಗದಕ್ಕೆ ಹುಟ್ಟಿದ ಉಪಾಯ ಮನುಷ್ಯನಿಗೆ ಬಂದದ್ದು ಆಮೇಲೆ. ನಮ್ಮ ಗೆಳೆಯರು 'ಒಂದೂವರೆ ಟನ್ನಿನ ಎಸಿ' ಎಂದಾಗ ಅದರ ತೂಕವೆಂದು ತಿಳಿಯುವುದೂ ಒಂದು ತಮಾಷೆ. ಒಂದು ಟನ್ನು ಮಂಜುಗಡ್ಡೆ 24 ತಾಸಿನಲ್ಲಿ ಕರಗುವಾಗ ಎಷ್ಟು ಶಾಖವನ್ನು ಹೀರುವುದೋ ಅಷ್ಟನ್ನು ಕೋಣೆಯಿಂದ ಹೊರಹಾಕುವ ಶಕ್ತಿಗೆ ಒಂದು ಟನ್ನೆಂದು ಹೆಸರು. ಯಂತ್ರ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಒಳಗಿನ ಗಾಳಿ ತಣ್ಣನೆಯ ಕೊಳವೆಗಳ ಮೇಲೆ ಹಾಯ್ದರೆ ಮಾತ್ರ ಈ ಹೊರೆ ಸಾಗೀತು. ಜಾಳಿಗೆ ಮುಚ್ಚಿದರೆ ಗಾಳಿ ಹಾಯದು; ಕೊಳವೆಗಳ ಮೇಲೆ ಮಂಜು ಕಟ್ಟುತ್ತದೆ; ಹೊರಗಿನ ಕಂಪ್ರೆಸರ್ ವಿಶ್ರಾಂತಿಯಿಲ್ಲದೆ ಓಡುತ್ತದೆ; ಕರೆಂಟಿನ ಬಿಲ್ಲು ಏರುತ್ತದೆ. ಹೊಲಸು ಜಾಳಿಗೆಯನ್ನು ಬದಲಿಸಿದರೆ ವಿದ್ಯುತ್ತಿನ ವೆಚ್ಚ ನೂರಕ್ಕೆ 5ರಿಂದ 15ರಷ್ಟು ತಗ್ಗಬಹುದೆಂದು ಅಮೆರಿಕದ ಇಂಧನ ಇಲಾಖೆಯವರೇ ಜನರಿಗೆ ಹೇಳಿದ್ದಾರೆ.

ಮಂಗಳೂರಿನಲ್ಲಿ ನನಗೆ ಆದ ದೊಡ್ಡ ಆಶ್ಚರ್ಯ ಬೇರೆ. ನಮ್ಮಲ್ಲಿ 40 ಡಿಗ್ರಿಯ ಬಿಸಿಲು, ಅಲ್ಲಿ 33-34. ಆದರೂ ಅಲ್ಲಿಯ ಸೆಕೆಯಲ್ಲಿ ನಾನು ಬೆಂದಂತೆ ಊರಲ್ಲಿ ಎಂದೂ ಬೆಂದಿಲ್ಲ. ಬೆವರು ಆರುವುದೇ ಇಲ್ಲ. ಅಣ್ಣನ ಕೋಣೆಯಲ್ಲಿ ಊರಿನಿಂದ ಒಯ್ದ ಮಣ್ಣಿನ ಹರವಿಯೊಂದಿತ್ತು. ಅದರ ನೀರು ಅಲ್ಲಿ ತಣ್ಣಗಾಗಲು ಒಲ್ಲೆನೆಂದಿತು. ಒಣಗಾಳಿಯಿದ್ದರೆ ಹರವಿಯ ಮೈಯಿಂದ ನೀರು ಆವಿಯಾಗಿ ಒಳಗಿನದನ್ನು ತಂಪುಮಾಡುವುದು. ಗಾಳಿಯೇ ನೀರು ಕುಡಿದು ನಿಂತಿದ್ದರೆ ಅದು ಏನು ಮಾಡೀತು? ನೀರು ಹನಿಸುವ ಕೂಲರು ಬಾಗಲಕೋಟೆಯಲ್ಲಿ ನಡೆದಂತೆ ಕಡಲತೀರದಲ್ಲಿ ನಡೆಯದಿರುವುದಕ್ಕೂ ಇದೇ ಕಾರಣ. ಅಲ್ಲಿ ಎಸಿ ಶಾಖದೊಡನೆ ನೀರನ್ನೂ ಗಾಳಿಯಿಂದ ಹಿಂಡಿ ತೆಗೆಯಬೇಕು. ಒಂದು ಮನೆಯಲ್ಲಿ ಹೊರಕೊಳವೆಯ ಕೆಳಗೆ ಇಟ್ಟಿದ್ದ ಬಕೆಟ್ಟು ಬೆಳಗಾಗುವುದರೊಳಗೆ ತುಂಬಿ ಹರಿದುದನ್ನು ನೋಡಿದ್ದೇನೆ. ಆ ತೇವದಲ್ಲಿ ಬೂಷ್ಟು ಬೆಳೆಯುತ್ತದೆ, ಕೊಳವೆಯಲ್ಲಿ ಲೋಳೆ ಕಟ್ಟುತ್ತದೆ, ನೀರು ಹಿಂದಿರುಗಿ ಗೋಡೆಯ ಮೇಲೆ ಇಳಿಯುತ್ತದೆ, ಗಾಳಿಗೆ ಹಳಸಿದ ವಾಸನೆ ಬರುತ್ತದೆ. ಹೊರಗಿನ ಪೆಟ್ಟಿಗೆಯ ತೆಳುವಾದ ಅಲ್ಯೂಮಿನಿಯಂ ಪಟ್ಟಿಗಳನ್ನು ಉಪ್ಪುಗಾಳಿ ತಿನ್ನುತ್ತದೆ. ಆದಕಾರಣ ಬಳಕೆಯ ದಿನಗಳಲ್ಲಿ ಜಾಳಿಗೆಯನ್ನು ಹದಿನೈದು ದಿನಕ್ಕೊಮ್ಮೆ ಮನೆಯವರೇ ತೊಳೆಯಬೇಕು. ಕೊಳವೆಗಳನ್ನೂ ಬ್ಲೋವರನ್ನೂ ಹೊರಪೆಟ್ಟಿಗೆಯನ್ನೂ ಕೆಲಸ ಬಲ್ಲವನು ವರ್ಷಕ್ಕೆ ಒಂದೆರಡು ಸಲ ತೊಳೆಯಬೇಕು. ಇದರಲ್ಲಿ ಮೊದಲನೆಯದಕ್ಕೆ ಹತ್ತು ನಿಮಿಷ ಸಾಕು, ವಿದ್ಯೆ ಬೇಕಿಲ್ಲ.

ಯಾರೂ ಮಾಡುವುದಿಲ್ಲ. ವರ್ಷವಿಡೀ ಮರೆತವರು ಏಪ್ರಿಲ್ ಬಂದೊಡನೆ ಎಲ್ಲರೂ ಒಟ್ಟಿಗೇ ನೆನೆಯುತ್ತಾರೆ. ಅಣ್ಣನ ಫೋನಿಗೆ ಒಂದೇ ದಿನ ಹನ್ನೆರಡು ಕರೆಗಳು ಬಂದುದುಂಟು. ಎಲ್ಲರಿಗೂ ಅಂದೇ ಆಗಬೇಕು. ಅಂಥ ಒಂದು ಮಧ್ಯಾಹ್ನ, ಮೂರನೆಯ ಅಂತಸ್ತಿನ ಒಂದು ಮನೆಯಲ್ಲಿ, ಹೊರಪೆಟ್ಟಿಗೆಯನ್ನು ಕಿಟಕಿಯಾಚೆಯ ಗೋಡೆಗೆ ಕೈ ನಿಲುಕದಷ್ಟು ಪಕ್ಕಕ್ಕೆ ಜಡಿದಿದ್ದರು. ನಿಲ್ಲಲು ಒಂದು ಗೇಣು ಅಗಲದ ಸಜ್ಜ. ಸೊಂಟಕ್ಕೆ ಕಟ್ಟುವ ಪಟ್ಟಿ ಇರಲಿಲ್ಲ. ಅವನನ್ನು ಕಳಿಸಿದವರು ಕೊಟ್ಟಿರಲಿಲ್ಲ, ಮನೆಯವರು ಕೇಳಲೂ ಇಲ್ಲ. ನಾನು ಕಿಟಕಿಯೊಳಗಿನಿಂದ ನೀರಿನ ಪೈಪು ಹಿಡಿದು ನಿಂತಿದ್ದೆ. ಪೆಟ್ಟಿಗೆಯಿಂದ ವರ್ಷಗಟ್ಟಲೆ ಹನಿದ ನೀರಿಗೆ ಸಜ್ಜದ ಮೇಲೆ ಹಾವಸೆ ಕಟ್ಟಿತ್ತು. ಅಣ್ಣನ ಕಾಲು ಜಾರಿತು. ಒಂದು ಕೈಯಲ್ಲಿ ಅವನು ತಾಮ್ರದ ಕೊಳವೆಯನ್ನು ಹಿಡಿದ, ಇನ್ನೊಂದು ಕೈಯ ಮಣಿಕಟ್ಟನ್ನು ನಾನು ಹಿಡಿದೆ. ಎಷ್ಟು ಹೊತ್ತೆಂದು ತಿಳಿಯದು. ಒಳಗೆ ಬಂದು ಗೋಡೆಗೊರಗಿ ಕುಳಿತವನಿಗೆ ಮನೆಯ ಯಜಮಾನರು ನೀರು ಕೊಟ್ಟರು. ಆಮೇಲೆ ಹೊರಗೆ ಇಣುಕಿ, "ಪೈಪು ಬಗ್ಗಿತಲ್ಲ ಮಾರಾಯ" ಎಂದರು. ಅವರು ಕೆಟ್ಟವರಲ್ಲ. ಹೋಗುವಾಗ ನೂರು ರೂಪಾಯಿ ಹೆಚ್ಚಿಗೆ ಕೊಟ್ಟರು. ದಾರಿಯಲ್ಲಿ ಅಣ್ಣ, "ಊರಿಗೆ ಹೋದ್ರ ಅವ್ವನ ಮುಂದ ಹೇಳಬ್ಯಾಡ ತಮ್ಮಾ" ಎಂದಷ್ಟೇ ಹೇಳಿ, ಮುಂದಿನ ಮನೆಗೆ ನಡೆದ. ಅವ್ವನಿಗೆ ಓದು ಬಾರದಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅರ್ಥಶಾಸ್ತ್ರದ ನಮ್ಮ ಗೆಳೆಯರೊಬ್ಬರು ಇದಕ್ಕೆ ಶ್ರಮವಿಭಜನೆಯ ಸೂತ್ರವನ್ನು ಹೇಳುತ್ತಾರೆ. ಒಡೆಯರೇ ತೊಳೆದುಕೊಂಡರೆ ನಿಮ್ಮ ಅಣ್ಣನ ಹೊಟ್ಟೆಗೇನು ಎಂದು ಅವರ ಪ್ರಶ್ನೆ. ನಾನು ಇದನ್ನು ಅಣ್ಣನಿಗೇ ಕೇಳಿದೆ. ಜಾಳಿಗೆ ತೊಳೆಯುವುದರಿಂದ ಯಾವ ಮೆಕ್ಯಾನಿಕ್ಕನೂ ಬದುಕುವುದಿಲ್ಲವೆಂದೂ, ಜನ ಚಳಿಗಾಲದಲ್ಲಿ ಪುರುಸೊತ್ತಿನಿಂದ ಕರೆದರೆ ಬೇಸಿಗೆಯಲ್ಲಿ ತಾನು ಓಡಬೇಕಾಗುವುದಿಲ್ಲವೆಂದೂ ಹೇಳಿದ. ಅವನಿಗೆ ಬೇಕಾದದ್ದು ಕಡಿಮೆ ಕೆಲಸವಲ್ಲ, ಹಂಚಿಹೋದ ಕೆಲಸ. ಎಸಿ ಕೊಳ್ಳುವವರು ಅಂಗಡಿಯಲ್ಲಿ ಬಣ್ಣ, ಸ್ಟಾರು, ಕಂತು ಎಲ್ಲವನ್ನೂ ವಿಚಾರಿಸುತ್ತಾರೆ. ಹೊರಪೆಟ್ಟಿಗೆಯನ್ನು ತೊಳೆಯುವವನು ಎಲ್ಲಿ ನಿಲ್ಲಬೇಕೆಂದು ಒಬ್ಬರೂ ವಿಚಾರಿಸಿದ್ದನ್ನು ಅವನು ಕೇಳಿಲ್ಲವಂತೆ. ನನ್ನ ಅಭಿಪ್ರಾಯದಲ್ಲಿ ಇದು ಮೊದಲ ಪ್ರಶ್ನೆಯಾಗಬೇಕು. ಬಾಲ್ಕನಿಯೋ ತಾರಸಿಯೋ ಇದ್ದರೆ ಅಲ್ಲಿಡಬೇಕು. ಇಲ್ಲವಾದರೆ ಪಟ್ಟಿ ಕಟ್ಟಿಕೊಳ್ಳದವನನ್ನು ಕಿಟಕಿ ದಾಟಲು ಬಿಡಬಾರದು.

ಇದು ಪಟ್ಟಣದವರ ಆಲಸ್ಯವೆಂದು ನಾವು ಹಳ್ಳಿಯವರು ಬೀಗುವಂತೆಯೂ ಇಲ್ಲ. ದೀಪಾವಳಿಗೆ ಅಣ್ಣ ಊರಿಗೆ ಬಂದಾಗ ನಮ್ಮ ಓಣಿಯ ಕಾಕಾ ಒಬ್ಬರು ಕರೆಸಿಕೊಂಡರು. ಕಬ್ಬಿನ ದುಡ್ಡಿನಲ್ಲಿ ಮಗಳ ಮದುವೆಗೆಂದು ಎಸಿ ಹಾಕಿಸಿದವರು. ಹೆದ್ದಾರಿಯ ಲಾರಿಗಳ ಧೂಳು, ರಾಶಿಯ ಕಾಲದ ಹೊಟ್ಟು ಎಲ್ಲ ಸೇರಿ ಜಾಳಿಗೆ ದಪ್ಪಗಾಗಿತ್ತು. "ಕಾಕಾ, ಪಾಪ ಇದು ಕಂಬಳಿ ಹೊಚಗೊಂಡು ಕುಂತೈತ್ರಿ" ಎಂದ ಅಣ್ಣ. ಮಂಗಳೂರಿನಲ್ಲಿ ಲೋಳೆ, ನಮ್ಮಲ್ಲಿ ಧೂಳು, ಅಷ್ಟೇ ವ್ಯತ್ಯಾಸ. ವಿಚಿತ್ರವೆಂದರೆ ಇದೇ ಕಾಕಾ ತಮ್ಮ ಟ್ರ್ಯಾಕ್ಟರಿನ ಗಾಳಿಸೋಸುಕವನ್ನು ತಪ್ಪದೆ ತೊಳೆಯುವವರು. ಹಿಂದೆ ಚಕ್ಕಡಿಗೆ ಕೀಲೆಣ್ಣೆ ಹಾಕದೆ ಹೊರಡದವರು. ನಮ್ಮ ಆಯಿಯ ಕಾಲದಲ್ಲಿ ಮೃಗಶಿರಾ ಮಳೆಗೆ ಮೊದಲು ಮಾಳಿಗೆಗೆ ಸವಳುಮಣ್ಣು ಹಾಕದ ಮನೆಯನ್ನು ಜನ ಆಡಿಕೊಳ್ಳುತ್ತಿದ್ದರು. ಹಾಗಾದರೆ ಎಸಿಯ ವಿಷಯದಲ್ಲಿ ಆ ಬುದ್ಧಿ ಎಲ್ಲಿ ಹೋಯಿತು? ನನಗೆ ತೋರುವುದಿಷ್ಟು: ಚಕ್ಕಡಿ ಟ್ರ್ಯಾಕ್ಟರುಗಳು ನಮ್ಮ ಜೊತೆ ದುಡಿಯುವಂಥವು. ಎಸಿಯನ್ನು ನಾವು ಬೀಗರಂತೆ ಬರಮಾಡಿಕೊಂಡು ಗೋಡೆಯ ಮೇಲೆ ಕೂಡಿಸಿದ್ದೇವೆ. ಬೀಗರ ಅಂಗಿ ಯಾರು ಒಗೆದಾರು?

ಇನ್ನು ದೊಡ್ಡ ಮಾತುಗಳೂ ಉಂಟು. 2020ರ ಜನವರಿಯಿಂದ ನಮ್ಮ ದೇಶದ ಸ್ಟಾರು ಚೀಟಿಯ ಎಸಿಗಳು ಚಾಲೂ ಆಗುವಾಗ 24 ಡಿಗ್ರಿಯಲ್ಲಿರಬೇಕೆಂದು ನಿಯಮವಾಯಿತು. ಒಂದು ಡಿಗ್ರಿ ಏರಿಸಿದರೆ ಸುಮಾರು ನೂರಕ್ಕೆ 6ರಷ್ಟು ವಿದ್ಯುತ್ತು ಉಳಿಯುವುದೆಂದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ಎಸಿಗಳಲ್ಲಿ ಬಳಸುವ ಗ್ಯಾಸುಗಳು ಸೋರಿ ಹೊರಗೆ ಹೋದರೆ ಭೂಮಿಯ ತಾಪವನ್ನು ಇಂಗಾಲಾಮ್ಲಕ್ಕಿಂತ ನೂರಾರು ಪಟ್ಟು ಹೆಚ್ಚಾಗಿ ಏರಿಸಬಲ್ಲವು. ಅದಕ್ಕೆಂದೇ 2016ರಲ್ಲಿ ಕಿಗಾಲಿಯಲ್ಲಿ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡವು. ಸೋರಿಕೆ ಹುಡುಕದೆ ಗ್ಯಾಸು ತುಂಬಿಸುವವರು ಕಿಸೆಯನ್ನಷ್ಟೇ ಸುಡುತ್ತಿಲ್ಲವೆಂದು ಇದರಿಂದ ತಿಳಿದೀತು.

ನಮ್ಮ ಕಂಪ್ಯೂಟರ್ ಕೋಣೆಯ ವಿಷಯಕ್ಕೆ ಬರುತ್ತೇನೆ. ಅದು ಕೆಟ್ಟಿದೆಯೆಂದೂ ರಿಪೇರಿಗೆ ಅನುದಾನವಿಲ್ಲವೆಂದೂ ನಾವೆಲ್ಲ ನಂಬಿದ್ದೆವು. ಜನವರಿಯಲ್ಲಿ ಒಂದು ಶನಿವಾರ ಪ್ರಾಚಾರ್ಯರ ಒಪ್ಪಿಗೆ ಪಡೆದು ನಾವು ಮೂವರು ಜಾಳಿಗೆಗಳನ್ನು ಬಿಚ್ಚಿ, ನಲ್ಲಿಯ ಕೆಳಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆವು. "ಬಿ.ಎ. ಕಲತು ಇದ ಕೆಲಸೇನೋ?" ಎಂದು ವರಾಂಡದಿಂದ ಯಾರೋ ಕೂಗಿದರು. ಎಂದಿನಂತೆ ನನಗೆ ನಾಚಿಕೆಯಾಯಿತು. ಆದರೂ ಈ ಸಲ, "ನಮ್ಮಣ್ಣ ಎಸಿ ಮೆಕ್ಯಾನಿಕ್ ಅದಾನ, ಅಂವ ಕಲಿಸಿದ್ದು" ಎಂದು ಕೂಗಿ ಹೇಳಿದೆ. ಮಧ್ಯಾಹ್ನ ಜಾಳಿಗೆ ಒಣಗಿದ ಮೇಲೆ ಹಾಕಿ ಗುಂಡಿ ಒತ್ತಿದೆವು. ಅದು ಕೆಟ್ಟಿರಲಿಲ್ಲ.

ಆಮೇಲೆ ಎರಡು ಸಲ ತೊಳೆದಿದ್ದೇವೆ. ನಾವು ಮೂವರೂ ಈ ವರ್ಷ ಪರೀಕ್ಷೆ ಮುಗಿಸಿ ಹೋಗುವವರು. ಬ್ರಷ್ಷು ಕಪಾಟಿನ ಮೇಲಿದೆ, ಏಣಿ ಗ್ರಂಥಾಲಯದಲ್ಲಿದೆ, ಕೋಣೆಯ ಕೀಲಿಕೈಯನ್ನು ಕಚೇರಿಯಲ್ಲಿ ಕೇಳಬೇಕು. ತೊಳೆದ ತಾರೀಖುಗಳನ್ನು ಬಾಗಿಲಿನ ಹಿಂದೆ ಪೆನ್ಸಿಲಿನಿಂದ ಬರೆದಿದ್ದೇವೆ. ಎರಡನೆಯ ವರ್ಷದ ಗೆಳೆಯರು ಬರುವ ಶನಿವಾರ ಹತ್ತು ಗಂಟೆಗೆ ಬಂದರೆ ಜಾಳಿಗೆ ಬಿಚ್ಚುವುದನ್ನು ತೋರಿಸಿಕೊಡುತ್ತೇನೆ. ಸ್ವಿಚ್ಚನ್ನು ಮೊದಲು ಆರಿಸಬೇಕು.