ಕಡತಕ್ಕೆ ಮಸಿ ಬಳಿಯುವ ಮುನ್ನ

ಕಾಗದವು ಅಗ್ಗವಾಗಿ ದೊರೆಯುವುದಕ್ಕೆ ಮೊದಲು ನಮ್ಮ ನಾಡಿನಲ್ಲಿ ಲೆಕ್ಕಪತ್ರಗಳನ್ನು ಕಡತದಲ್ಲಿ ಬರೆದಿಡುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕವದು. ಬರೆಯುವುದು ಬಿಳಿಯ ಬಳಪದಿಂದ. ಬರೆದುದು ಬೇಡವಾದಾಗ ಒರೆಸಿ ಮತ್ತೊಮ್ಮೆ ಮಸಿ ಬಳಿದರೆ ಕಡತವು ಹೊಸದಾಗುತ್ತಿತ್ತು. ಇಂದು ಕಂಪ್ಯೂಟರಿನ ಫೈಲಿಗೂ ಕನ್ನಡದಲ್ಲಿ ಕಡತವೆಂದೇ ಹೆಸರು. ಹೆಸರಿಟ್ಟವರು ಯಾರೋ, ಬಲು ಜಾಣರು. ಫಾರ್ಮ್ಯಾಟ್ ಮಾಡುವುದೆಂದು ಇಂದಿನವರು ಹೇಳುವ ಕ್ರಿಯೆಯೂ ಬಹುಮಟ್ಟಿಗೆ ಆ ಮಸಿ ಬಳಿಯುವ ಕೆಲಸವೇ ಆಗಿದೆ.

ಈ ಮಾತು ನೆನಪಿಗೆ ಬಂದುದು ನಮ್ಮ ನೆರೆಮನೆಯ ಮೇಷ್ಟ್ರ ದೆಸೆಯಿಂದ. ಮೂವತ್ತು ವರ್ಷ ಹುಡುಗರಿಗೆ ವ್ಯಾಕರಣ ಕಲಿಸಿ ನಿವೃತ್ತರಾದವರು. ಪತ್ನೀವಿಯೋಗವಾಗಿ ಎರಡು ವರ್ಷವಾಗಿತ್ತು. ಆಕೆ ಸಂಪ್ರದಾಯದ ಹಾಡುಗಳಿಗೆ ಹೆಸರಾದವರು. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಗೌರಿಯ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು, ಹೀಗೆ ಮೂವತ್ತೊಂದು ಹಾಡುಗಳನ್ನು ಪರದೇಶದಲ್ಲಿರುವ ಮಗನು ಒಮ್ಮೆ ರಜೆಗೆ ಬಂದಾಗ ತಾಯಿಯನ್ನು ಕೂರಿಸಿಕೊಂಡು ಚಿತ್ರೀಕರಿಸಿದ್ದನು. ಅವನ್ನು ಅಂಗೈಯಗಲದ ಹಾರ್ಡ್ ಡಿಸ್ಕೊಂದರಲ್ಲಿ ತುಂಬಿ, ಊರಿಗೆ ಬರುವವರೊಬ್ಬರ ಕೈಯಲ್ಲಿ ಕಳುಹಿಸಿಕೊಟ್ಟನು. ಮೇಷ್ಟ್ರು ಡಿಸ್ಕಿನ ಬಾಲವನ್ನು ಟೆಲಿವಿಷನ್ನಿನ ಬೆನ್ನಿಗೆ ಸಿಕ್ಕಿಸಿ ಮುಂದೆ ಕುಳಿತರು. ಕಾಲು ಗಂಟೆಯೊಳಗೆ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು.

“ಅದೇನೋ ಕೇಳಿತು ಕಣಪ್ಪಾ, ಸರಿ ಅಂದುಬಿಟ್ಟೆ. ಈಗ ಒಳಗೆ ಏನೂ ಇಲ್ಲ ಅನ್ನುತ್ತೆ.”

“ಏನು ಕೇಳಿತು ಮೇಷ್ಟ್ರೇ?”

“ಡಿಸ್ಕನ್ನು ಸಿದ್ಧಪಡಿಸಬೇಕೆ ಅಂತ. ಸಿದ್ಧಪಡಿಸಿದರೆ ತಾನೆ ಹಾಡು ಬರೋದು ಅಂದುಕೊಂಡೆ.”

ಅವರದು ತಪ್ಪೆಂದು ನಾನು ಹೇಳಲಾರೆ. ತನಗೆ ಓದಲು ಬಾರದ ಲಿಪಿಯನ್ನು ಕಂಡ ಗುಮಾಸ್ತನು “ಇದು ನನಗೆ ಬಾರದು” ಎಂದಿದ್ದರೆ ಚಿಂತೆಯಿರಲಿಲ್ಲ, “ಇದು ಬರಿಯ ಕಾಗದ, ತೊಳೆದುಹಾಕಲೆ?” ಎಂದು ಕೇಳಿದರೆ ಯಜಮಾನನು ಏನು ಮಾಡಬೇಕು? ಟೆಲಿವಿಷನ್ ಕೇಳುವುದು ಈ ಎರಡನೆಯ ಪ್ರಶ್ನೆಯನ್ನು. ಒಳಗೆ ಏನೂ ಇಲ್ಲದ ಡಿಸ್ಕಿಗೂ, ಒಳಗಿರುವುದು ತನಗೆ ತಿಳಿಯದ ಡಿಸ್ಕಿಗೂ ಅದು ಭೇದವೆಣಿಸುವುದಿಲ್ಲ.

ಡಿಸ್ಕಿನೊಳಗಿನ ಲಿಪಿಗಳ ಸಂಗತಿಯನ್ನು ಸ್ವಲ್ಪ ಹೇಳಬೇಕು. ಯಾವ ಕಡತವು ಎಲ್ಲಿ ಆರಂಭವಾಗುತ್ತದೆ, ಎಷ್ಟು ದೂರ ಹರಡಿದೆ ಎಂಬ ಲೆಕ್ಕವನ್ನು ಬರೆದಿಡುವ ಪದ್ಧತಿಗೆ ಫೈಲ್ ಸಿಸ್ಟಮ್ ಎಂದು ಹೆಸರು. ಇದು ಒಂದೇ ಬಗೆಯದಲ್ಲ. 1996ರಲ್ಲಿ ವಿಂಡೋಸ್ 95ರ ಪರಿಷ್ಕೃತ ಆವೃತ್ತಿಯೊಡನೆ ಬಂದ ಫ್ಯಾಟ್ 32 ಎಂಬುದನ್ನು ಬಲ್ಲದ ಯಂತ್ರವೇ ವಿರಳ. ಟೆಲಿವಿಷನ್ನು, ಕಾರಿನ ರೇಡಿಯೊ, ಕ್ಯಾಮರಾ, ಎಲ್ಲವೂ ಅದನ್ನು ಓದಬಲ್ಲವು. ಆದರೆ ಅದಕ್ಕೊಂದು ಕೊರತೆಯುಂಟು. ಒಂದು ಕಡತದ ಗಾತ್ರವನ್ನು ಬರೆಯಲು ಅದರಲ್ಲಿ ಬಿಟ್ಟಿರುವ ಸ್ಥಳವು ಮೂವತ್ತೆರಡು ಬಿಟ್ ಮಾತ್ರ. ಅಷ್ಟು ಸ್ಥಳದಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 4,29,49,67,295. ಅಷ್ಟು ಬೈಟುಗಳಿಗೆ, ಎಂದರೆ 4 ಜಿ.ಬಿ.ಗೆ, ಮಿಗಿಲಾದ ಕಡತವನ್ನು ಅದು ಒಳಗೆ ಸೇರಿಸಿಕೊಳ್ಳದು. ಇಂದಿನ ಒಂದು ಮದುವೆಯ ಚಿತ್ರಣವೇ ಈ ಮೇರೆಯನ್ನು ಸುಲಭವಾಗಿ ದಾಟುತ್ತದೆ. ಮುಹೂರ್ತದ ನಡುವೆ ಚಿತ್ರವು ತುಂಡಾಗಿ ಮಾಂಗಲ್ಯಧಾರಣೆಯು ಎರಡನೆಯ ಕಡತದಲ್ಲಿ ಸಿಕ್ಕುವುದನ್ನು ಕಂಡವರುಂಟಷ್ಟೆ. ಅನೇಕ ವೇಳೆ ಅದು ಛಾಯಾಗ್ರಾಹಕನ ಅಪರಾಧವಲ್ಲ, ಕ್ಯಾಮರಾದೊಳಗಿನ ಫ್ಯಾಟ್ 32ರ ಕಟ್ಟಳೆ.

1993ರಷ್ಟು ಹಿಂದೆಯೇ ಬಂದ ಎನ್.ಟಿ.ಎಫ್.ಎಸ್. ಎಂಬುದಕ್ಕೆ ಈ ಕಟ್ಟಳೆಯಿಲ್ಲ. ವಿಂಡೋಸ್ ಕಂಪ್ಯೂಟರುಗಳ ಒಳಗಿನ ಡಿಸ್ಕು ಸಾಮಾನ್ಯವಾಗಿ ಅದರಲ್ಲಿಯೇ ಇರುತ್ತದೆ. ಅನೇಕ ಟೆಲಿವಿಷನ್ನುಗಳು ಅದನ್ನು ಓದುತ್ತವೆ, ಕೆಲವು ಓದಿದರೂ ಬರೆಯಲಾರವು. 2006ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಎಕ್ಸ್‌ಫ್ಯಾಟ್ ಎಂಬ ಮೂರನೆಯದನ್ನು ತಂದಿತು. ವಿಂಡೋಸೂ ಆಪಲ್ಲೂ ಎರಡೂ ಇದನ್ನು ಓದಿ ಬರೆಯಬಲ್ಲವು, 4 ಜಿ.ಬಿ.ಯ ಗಡಿಯೂ ಇಲ್ಲ. ಆದರೆ ಬಹುಕಾಲ ಇದರ ಬಳಕೆಗೆ ಪರವಾನಗಿ ಪಡೆಯಬೇಕಾಗಿದ್ದಿತು. 2019ರ ಆಗಸ್ಟಿನಲ್ಲಿ ಸಂಸ್ಥೆಯು ಇದರ ವಿವರಗಳನ್ನು ಬಹಿರಂಗಪಡಿಸಿತು. ಅದೇ ವರ್ಷ ಲಿನಕ್ಸ್‌ನ ಒಳತಿರುಳಿಗೂ ಇದು ಸೇರಿತು. ಹಳೆಯ ಟೆಲಿವಿಷನ್ನುಗಳು ಎಕ್ಸ್‌ಫ್ಯಾಟ್ ಕಂಡು ಕಣ್ಣು ಪಿಳುಕಿಸುವುದಕ್ಕೂ ಹೊಸವು ಅದನ್ನು ಹೆಚ್ಚಾಗಿ ಒಪ್ಪುವುದಕ್ಕೂ ಇದೊಂದು ಕಾರಣ. ಇನ್ನು ಆಪಲ್ ಕಂಪ್ಯೂಟರು ತನಗಾಗಿಯೇ ಇಟ್ಟುಕೊಂಡಿರುವ ಎಚ್.ಎಫ್.ಎಸ್. ಪ್ಲಸ್, 2017ರ ಎ.ಪಿ.ಎಫ್.ಎಸ್. ಎಂಬ ಪದ್ಧತಿಗಳನ್ನು ಓದಬಲ್ಲ ಟೆಲಿವಿಷನ್ನು ಅಪರೂಪ. ಮೇಷ್ಟ್ರ ಮಗನ ಡಿಸ್ಕು ಸಿದ್ಧವಾದದ್ದು ಆಪಲ್ ಕಂಪ್ಯೂಟರಿನಲ್ಲಿ.

ಆದಕಾರಣ ವಾಚಕರಲ್ಲಿ ನನ್ನ ವಿನಂತಿಯಿಷ್ಟೆ: ಟೆಲಿವಿಷನ್ನು ಫಾರ್ಮ್ಯಾಟ್ ಮಾಡಲೆ ಎಂದು ಕೇಳಿದರೆ ಬೇಡವೆನ್ನಿರಿ, ಡಿಸ್ಕನ್ನು ಕಳಚಿರಿ. ಕಡತಗಳ ಹೆಸರು ತೆರೆಯ ಮೇಲೆ ಕಂಡು, ಚಿತ್ರ ಮಾತ್ರ ಓಡದಿದ್ದರೆ ಫಾರ್ಮ್ಯಾಟಿನ ಮಾತೇ ಇಲ್ಲ. ಅಲ್ಲಿ ತೊಡಕಿರುವುದು ಚಿತ್ರವನ್ನೋ ಧ್ವನಿಯನ್ನೋ ಅಡಕಗೊಳಿಸಿದ ಬಗೆಯಲ್ಲಿ. ಡಿಸ್ಕು ಟಿಕ್ ಟಿಕ್ ಎಂದು ಸದ್ದು ಮಾಡಿ ನಿಂತುಹೋದರೆ ಅದಕ್ಕೆ ವಿದ್ಯುತ್ತು ಸಾಲದಿರಬಹುದು. ಯು.ಎಸ್.ಬಿ. 2ರ ಕಿಂಡಿಯು ಕೊಡಬೇಕಾದದ್ದು 500 ಮಿಲಿ ಆಂಪಿಯರ್. ತಿರುಗುವ ಡಿಸ್ಕು ಮೊದಲ ಸುತ್ತಿಗೆ ಅದಕ್ಕಿಂತ ಹೆಚ್ಚು ಬೇಡುವುದುಂಟು.

ನಿಜವಾಗಿ ಫಾರ್ಮ್ಯಾಟ್ ಮಾಡಲೇಬೇಕಾದಲ್ಲಿ, ಒಳಗಿರುವುದೆಲ್ಲವನ್ನೂ ಮೊದಲು ಮತ್ತೊಂದು ಕಡೆ ನಕಲು ಮಾಡಿಕೊಳ್ಳಬೇಕು. ನಕಲನ್ನು ತೆರೆದು ನೋಡಬೇಕು. ತರುವಾಯ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡತಕ್ಕದ್ದು. ವಿಂಡೋಸಿನಲ್ಲಿ ಡಿಸ್ಕಿನ ಗುರುತಿನ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿದರೆ ‘ಫಾರ್ಮ್ಯಾಟ್’ ಎಂಬ ಸಾಲು ಕಾಣುತ್ತದೆ. ಅದರೊಳಗೆ ಎಕ್ಸ್‌ಫ್ಯಾಟನ್ನು ಆರಿಸುವುದು, ಹಳೆಯ ಟೆಲಿವಿಷನ್ನಾದರೆ ಅದರ ಕೈಪಿಡಿಯಲ್ಲಿ ಹೇಳಿರುವುದನ್ನು. ಆಪಲ್ಲಿನಲ್ಲಿ ‘ಡಿಸ್ಕ್ ಯುಟಿಲಿಟಿ’ಯೊಳಗೆ ಇಡೀ ಸಾಧನವನ್ನು ಆರಿಸಿ, ಎಕ್ಸ್‌ಫ್ಯಾಟ್ ಎಂದೂ, ಸ್ಕೀಮ್ ಎಂಬಲ್ಲಿ ‘ಮಾಸ್ಟರ್ ಬೂಟ್ ರೆಕಾರ್ಡ್’ ಎಂದೂ ಕೊಟ್ಟರೆ ಹಳೆಯ ಟೆಲಿವಿಷನ್ನಿಗೆ ಅನುಕೂಲ. ಡಿಸ್ಕು 2 ಟಿ.ಬಿ.ಯನ್ನು ಮೀರಿದ್ದರೆ ಈ ಸ್ಕೀಮ್ ಸಲ್ಲದು. ಒತ್ತುವ ಮುನ್ನ ಡಿಸ್ಕಿನ ಹೆಸರನ್ನೂ ಗಾತ್ರವನ್ನೂ ಎರಡು ಸಲ ಓದಿರಿ; ಪಕ್ಕದ ಡಿಸ್ಕಿಗೆ ಮಸಿ ಬಳಿದು ತಲೆಯ ಮೇಲೆ ಕೈಹೊತ್ತವರನ್ನು ನಾನು ಬಲ್ಲೆ. ಎಕ್ಸ್‌ಫ್ಯಾಟಿನಲ್ಲಿ ಇನ್ನೊಂದು ಎಚ್ಚರಿಕೆ: ಬರೆಯುತ್ತಿರುವಾಗ ಫಕ್ಕನೆ ಕಿತ್ತರೆ ಲೆಕ್ಕವೇ ಕೆಡಬಹುದು. ‘ಇಜೆಕ್ಟ್’ ಹೇಳಿ, ಅಪ್ಪಣೆ ಪಡೆದೇ ಕಳಚಬೇಕು.

ಇನ್ನು ಮೇಷ್ಟ್ರ ಡಿಸ್ಕು. ಹಳೆಯ ಕಡತದ ಹೋಲಿಕೆಯು ತಪ್ಪುವುದು ಇಲ್ಲಿ, ಅದೂ ನಮ್ಮ ಪುಣ್ಯಕ್ಕೆ. ತ್ವರಿತ ಫಾರ್ಮ್ಯಾಟ್ ಎಂಬುದು ಡಿಸ್ಕನ್ನೆಲ್ಲ ತೊಳೆಯುವುದಿಲ್ಲ. ಲೆಕ್ಕದ ಪುಟವನ್ನು ಮಾತ್ರ ಹೊಸದಾಗಿ ಬರೆಯುತ್ತದೆ. ಶಾನುಭೋಗನ ಖಿರ್ದಿ ಸುಟ್ಟುಹೋದರೂ ಹೊಲದಲ್ಲಿ ಬೆಳೆ ನಿಂತೇ ಇರುವಂತೆ, ಮೇಲೆ ಬೇರೆ ಬರೆಹ ಬೀಳುವವರೆಗೆ ಹಳೆಯದು ಇದ್ದಲ್ಲಿಯೇ ಇರುತ್ತದೆ. ತಿರುಗುವ ಡಿಸ್ಕಿಗೆ ಈ ಮಾತು ಸಲ್ಲುತ್ತದೆ, ಎಸ್.ಎಸ್.ಡಿ.ಯಾಗಿದ್ದರೆ ಅಷ್ಟು ಭರವಸೆಯಿಲ್ಲ. ಪೂರ್ಣ ಫಾರ್ಮ್ಯಾಟ್ ಆಗಿದ್ದರೆ ಎಲ್ಲ ಮುಗಿದಂತೆಯೇ. ವಿಸ್ಟಾದಿಂದೀಚಿನ ವಿಂಡೋಸ್ ಅದರಲ್ಲಿ ಡಿಸ್ಕಿನ ತುಂಬ ಸೊನ್ನೆ ಬರೆಯುತ್ತದೆ. ಮೇಷ್ಟ್ರು ಗಾಬರಿಯಲ್ಲಿ ಡಿಸ್ಕನ್ನು ಕಿತ್ತು ತಂದಿದ್ದರು, ಮತ್ತೇನನ್ನೂ ತುಂಬಿರಲಿಲ್ಲ.

ಕಳೆದ ಕಡತಗಳನ್ನು ಹುಡುಕುವ ತಂತ್ರಾಂಶವೊಂದನ್ನು ಓಡಿಸಿ, ಸಿಕ್ಕಿದ್ದೆಲ್ಲವನ್ನೂ ಬೇರೊಂದು ಡಿಸ್ಕಿಗೆ ಇಳಿಸಿಕೊಂಡೆವು. ರಾತ್ರಿಯೆಲ್ಲ ಅದು ಹುಡುಕಿತು. ಮೂವತ್ತೊಂದರಲ್ಲಿ ಇಪ್ಪತ್ತಾರು ದೊರೆತವು. ಉಳಿದ ಐದನ್ನು ಮಗನಲ್ಲಿ ಕೇಳಿದರೆ ಅವನ ಬಳಿಯೂ ನಕಲಿರಲಿಲ್ಲ. ದೊರೆತವುಗಳಿಗೂ ಹೆಸರು ಉಳಿದಿರಲಿಲ್ಲ. ಲೆಕ್ಕದ ಪುಟದೊಡನೆ ಹೆಸರುಗಳೂ ಹೋಗಿದ್ದವು, ಬರಿಯ ಅಂಕಿಗಳಿದ್ದವು. ಎಕ್ಸ್‌ಫ್ಯಾಟಿನ ಆ ಹೊಸ ಡಿಸ್ಕನ್ನು ಟೆಲಿವಿಷನ್ನು ಮರುಮಾತಿಲ್ಲದೆ ಓದಿತು. ಈಗ ಮೇಷ್ಟ್ರು ದಿನಕ್ಕೊಂದರಂತೆ ಹಾಡನ್ನು ಪೂರ್ತಿ ಕೇಳಿ, ಅದಾವುದೆಂದು ಗುರುತಿಸಿ, ನೋಟು ಪುಸ್ತಕದಲ್ಲಿ ದುಂಡಾಗಿ ಬರೆದುಕೊಳ್ಳುತ್ತಿದ್ದಾರೆ. ಹತ್ತೊಂಬತ್ತನೆಯದು ಯಾವ ಹಾಡೆಂದು ಅವರಿಗೆ ತಿಳಿಯಲಿಲ್ಲವಂತೆ. ನಿನ್ನೆ ನಮ್ಮ ತಾಯಿಯನ್ನು ಕರೆಸಿಕೊಂಡು ಕೇಳಿಸಿದರು.