ಫೇಲ್ ಎಂಬ ಮಾತು

ಉತ್ತರ ಪತ್ರಿಕೆಯ ಮೇಲೆ 'ಫೇಲ್' ಎಂದು ಬರೆಯುವ ಮುನ್ನ ಶಿಕ್ಷಕರಾದ ನಾವು ಎರಡು ಬಾರಿ ಯೋಚಿಸುತ್ತೇವೆ. ಆಸ್ಪತ್ರೆಗಳಲ್ಲಿ ಮಾತ್ರ ಆ ಪದ ಇನ್ನೂ ಧಾರಾಳವಾಗಿ ಓಡಾಡುತ್ತಿದೆ.

ಊರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ನಮ್ಮ ಅತ್ತೆಯವರಿಗೆ ಕಾಲು ಊದಿಕೊಂಡಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಇಲ್ಲಿಯ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಪರೀಕ್ಷೆಗಳಾದ ಮೇಲೆ ಡಾಕ್ಟರು ಕಂಪ್ಯೂಟರ್ ನೋಡುತ್ತಲೇ 'ಹಾರ್ಟ್ ಫೇಲ್ಯೂರ್' ಎಂದರು. ಅತ್ತೆಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಎಂಟನೇ ತರಗತಿಯ ನಮ್ಮ ಮಗ 'ಅಜ್ಜಿ, ಹಾರ್ಟ್ ಫೇಲ್ ಆಗಿದೆಯಂತೆ' ಎಂದುಬಿಟ್ಟ. ನಮ್ಮ ಕಡೆ ಹಾರ್ಟ್ ಫೇಲ್ ಆಯಿತೆಂದರೆ ಆ ಮನುಷ್ಯ ಹೋದ ಎಂದೇ ಅರ್ಥ. ಆ ರಾತ್ರಿ ಅತ್ತೆ ಊಟ ಮಾಡಲಿಲ್ಲ. 'ಟಿಕೆಟ್ ಮಾಡಿಸಿ, ನನ್ನ ಮನೆಯಲ್ಲೇ ಕಣ್ಣು ಮುಚ್ಚುತ್ತೇನೆ' ಎಂದರು.

ನಿಜಸಂಗತಿ ಏನೆಂದರೆ, ಹೃದಯ ನಿಂತಿರುವುದಿಲ್ಲ. ದೇಹಕ್ಕೆ ಬೇಕಾದಷ್ಟು ರಕ್ತ ಪಂಪ್ ಮಾಡಲು ಅದಕ್ಕೆ ಆಗುತ್ತಿರುವುದಿಲ್ಲ. ಕಾಯಿಲೆ ಗಂಭೀರವೇ. ಆದರೂ ಮಾತ್ರೆ ತೆಗೆದುಕೊಂಡು, ಉಪ್ಪು ಮಿತಗೊಳಿಸಿ ವರ್ಷಗಟ್ಟಲೆ ಬದುಕಿರುವವರು ಬಹಳ. ಮುಂದಿನ ಭೇಟಿಯಲ್ಲಿ ಕನ್ನಡ ಬಲ್ಲ ನರ್ಸ್ ಒಬ್ಬರು, 'ಅಮ್ಮಾ, ಪಂಪ್‌ಸೆಟ್ ನಿಂತಿಲ್ಲ, ನೀರು ಕಡಿಮೆ ಎತ್ತುತ್ತಿದೆ ಅಷ್ಟೆ' ಎಂದರು. ಅತ್ತೆ ಅಂದು ಊಟ ಮಾಡಿದರು.

ಸಕ್ಕರೆ ಕಾಯಿಲೆಯವರ ಪಾಡು ಇನ್ನೊಂದು ಬಗೆ. 'ಹೀಗೇ ಮಾಡಿದರೆ ಇನ್ಸುಲಿನ್ ಚುಚ್ಚಬೇಕಾಗುತ್ತದೆ' ಎಂದು ಬೆತ್ತ ತೋರಿಸಿದಂತೆ ಹೇಳುವುದುಂಟು. ಟೈಪ್ 2 ಕಾಯಿಲೆಯಲ್ಲಿ ಇನ್ಸುಲಿನ್ ತಯಾರಿಸುವ ದೇಹದ ಶಕ್ತಿಯೇ ಕಾಲಕ್ರಮೇಣ ಕುಗ್ಗಬಹುದು. ಪಥ್ಯ ತಪ್ಪದವರಿಗೂ ಇಂಜೆಕ್ಷನ್ ಬೇಕಾಗಬಹುದು. ಅದನ್ನು ಶಿಕ್ಷೆಯೆಂದು ತಿಳಿದವರು ಬೇಕಾದಾಗಲೂ ಬೇಡವೆನ್ನುತ್ತಾರೆ. 'ಸ್ವಲ್ಪ ಶುಗರ್ ಇದೆ, ಏನಿಲ್ಲ' ಎಂಬ ಸಮಾಧಾನವೂ ಅಪಾಯವೇ. ಕೇಳಿದವರು ಮಾತ್ರೆಯನ್ನೇ ಬಿಟ್ಟಾರು.

ಆಸ್ಟ್ರೇಲಿಯಾದ ಮಧುಮೇಹ ಸಂಸ್ಥೆ 2011ರಲ್ಲಿ, ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2018ರಲ್ಲಿ, ಇಂಥ ರೋಗಿಗಳೊಡನೆ ಮಾತನಾಡುವಾಗ ಯಾವ ಪದ ಬೇಡ, ಯಾವುದು ಒಳ್ಳೆಯದು ಎಂದು ವೈದ್ಯರಿಗಾಗಿಯೇ ಬರೆದು ಪ್ರಕಟಿಸಿದವು. ಭಾಷೆಯ ಮೇಷ್ಟರುಗಳನ್ನು ಯಾರಾದರೂ ಕೇಳಿದ್ದರೆ ಇನ್ನೂ ಮೊದಲೇ ಹೇಳುತ್ತಿದ್ದೆವೇನೋ!

ವೈದ್ಯರಿಗೆ ಸಮಯವಿಲ್ಲ, ಒಪ್ಪುತ್ತೇವೆ. ಆದರೂ ರೋಗದ ಹೆಸರು ಹೇಳಿದ ಮೇಲೆ 'ಇದರಿಂದ ನಿಮಗೇನು ಅರ್ಥವಾಯಿತು?' ಎಂದು ಒಮ್ಮೆ ಕೇಳಬಹುದಲ್ಲ. ಪೋಷಕರಲ್ಲಿಯೂ ಒಂದು ವಿನಂತಿ: ಅಜ್ಜ ಅಜ್ಜಿಯರ ಕಾಯಿಲೆಯನ್ನು ಅನುವಾದಿಸುವ ಕೆಲಸವನ್ನು ಮಕ್ಕಳ ತಲೆಗೆ ಕಟ್ಟಬೇಡಿ. ಅತ್ತೆಯವರು ಊರಿಗೆ ಮರಳಿ ಚೆನ್ನಾಗಿಯೇ ಇದ್ದಾರೆ. ನಮ್ಮ ಮಗ ಮಾತ್ರ ಇಂದಿಗೂ ಫೋನಿನಲ್ಲಿ ಮೊದಲು ಕೇಳುವುದು, 'ಅಜ್ಜಿ, ನನ್ನ ಮೇಲೆ ಕೋಪವಿಲ್ಲ ತಾನೆ?'